ಕಾಶಿಯಲ್ಲಿ ಬಿಟ್ಟು ಬಂದದ್ದು

ತಾಜಮಹಲು ಹೇಗಿತ್ತು ಎಂದು ಕೇಳಿದವರಿಗೆಲ್ಲ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದೇನೆ. ಅದಕ್ಕೇ ನಮ್ಮ ಓಣಿಯ ಅರ್ಧ ಜನಕ್ಕೆ ನನ್ನ ಮೇಲೆ ಸಿಟ್ಟು. ಅಷ್ಟು ದೂರ ಹೋಗಿ ಬಂದವಳು ‘ಭಾಳ ಚಂದ ಐತ್ರಿ’ ಎಂದು ಒಂದು ಮಾತು ಹೇಳಿ ಬಾಯಿ ಮುಚ್ಚಿಕೊಂಡಿದ್ದರೆ ಅವರೂ ಆರಾಮ, ನಾನೂ ಆರಾಮ. ನನ್ನ ಕೈಲಿ ಅದು ಆಗುವುದಿಲ್ಲ. ನನ್ನ ಕಣ್ಣಿಂದ ನೋಡಿದ್ದನ್ನು ನನ್ನ ಬಾಯಿಂದ ಹೇಳುತ್ತೇನೆ. ಗೋಡೆಯ ಕ್ಯಾಲೆಂಡರು ಹೇಳುವುದನ್ನೇ ಹೇಳುವುದಕ್ಕೆ ಆಗ್ರಾದ ತನಕ ಯಾಕೆ ಹೋಗಬೇಕಿತ್ತು?

ನಾನು ಬ್ಯಾಡಗಿಯವಳು. ಅಣ್ಣನ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡು ಜಂಪರು ಹೊಲಿಯುತ್ತೇನೆ, ಸೀರೆಗೆ ಫಾಲ್ ಹಚ್ಚುತ್ತೇನೆ. ಮದುವೆಯಾಗಿ ಎರಡು ವರ್ಷಕ್ಕೇ ತವರಿಗೆ ತಿರುಗಿ ಬಂದೆ. ಯಾಕೆ ಬಂದೆ ಎನ್ನುವುದು ಈ ಬರಹಕ್ಕೆ ಬೇಡ. ಬಂದೆ, ಅಷ್ಟೆ. ಈಗ ವಯಸ್ಸು ಐವತ್ತರ ಹತ್ತಿರ. ಅಣ್ಣ ಮೆಣಸಿನಕಾಯಿ ಪೇಟೆಯ ಒಂದು ದಲಾಲಿ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ವೈನಿ, ಅಂದರೆ ಅವನ ಹೆಂಡತಿ, ಕುಪ್ಪೇಲೂರಿನ ಕಡೆಯವಳು. ಮಾತು ಕಡಿಮೆ, ರೊಟ್ಟಿ ಬಡಿಯುವುದರಲ್ಲಿ ನಮ್ಮ ಓಣಿಯಲ್ಲಿ ಅವಳನ್ನು ಮೀರಿಸುವವರಿಲ್ಲ.

ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಹೊಸ್ತಿಲು ದಾಟುವ ಮೊದಲು ಕೇಳಬೇಕು. ಚಿಕ್ಕವಳಿದ್ದಾಗ ಅಪ್ಪನನ್ನು ಕೇಳಿದೆ, ಗಂಡನ ಮನೆಯಲ್ಲಿ ಅತ್ತೆಯನ್ನು ಕೇಳಿದೆ, ತಿರುಗಿ ಬಂದ ಮೇಲೆ ಅಣ್ಣನನ್ನು. ರಾಣೆಬೆನ್ನೂರಿಗೆ ಹೋಗ್ಲೇನು, ಲೈನಿಂಗ್ ಬಟ್ಟೆ ತರಬೇಕು. ಹಾವೇರಿಗೆ ಹೋಗ್ಲೇನು, ಗೆಳತಿಯ ಬಸುರಿ ಮಗಳಿಗೆ ಕುಬಸ ಮಾಡುತ್ತಾರೆ. ಅಣ್ಣ ಕೆಟ್ಟವನಲ್ಲ. ನನಗೆ ಒಂದು ದಿನವೂ ಊಟದಲ್ಲಿ ಕಡಿಮೆ ಮಾಡಿದವನಲ್ಲ, ದನಿ ಎತ್ತಿದವನಲ್ಲ. ಕೇಳಿದರೆ ಸ್ವಲ್ಪ ಹೊತ್ತು ಸುಮ್ಮನೆ ಕೂತು, ಆಮೇಲೆ ‘ಹೂಂ, ಹೋಗು’ ಎನ್ನುತ್ತಾನೆ. ಆ ಸ್ವಲ್ಪ ಹೊತ್ತು ಇದೆಯಲ್ಲ, ಅದು ನನಗೆ ಆಗಿಬರುತ್ತಿರಲಿಲ್ಲ. ಅಷ್ಟು ಹೊತ್ತು ನಾನು ತಲೆ ನೆರೆತ ಹೆಂಗಸಾಗಿ ಉಳಿಯುತ್ತಿರಲಿಲ್ಲ, ಲಂಗ ಹಾಕಿಕೊಂಡ ಹುಡುಗಿಯಾಗಿ ಅವನೆದುರು ನಿಂತಿರುತ್ತಿದ್ದೆ.

ನಮ್ಮ ರಾಜ್ಯದಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆಯಾದಾಗ ನನ್ನ ತಿರುಗಾಟ ಸುರುವಾಯಿತು. ಅದಕ್ಕಿಂತ ಮುಂಚೆ ಎಲ್ಲಿಗಾದರೂ ಹೋಗುತ್ತೇನೆ ಎಂದರೆ ‘ದುಡ್ಡು ಯಾಕ ಹಾಳು ಮಾಡ್ತಿ’ ಎನ್ನಲು ಅಣ್ಣನಿಗೆ ಆಸ್ಪದವಿತ್ತು. ಈಗ ಆಧಾರ್ ಕಾರ್ಡು ತೋರಿಸಿದರೆ ಮುಗಿಯಿತು. ಪಾಪ, ಬೇಡ ಎನ್ನಲು ಅವನಿಗೆ ಕಾರಣವೇ ಸಿಗದಂತಾಯಿತು.

ಮೊದಲು ವಿಜಯಪುರದ ಗೋಲಗುಮ್ಮಟಕ್ಕೆ ಹೋದೆ. ಪಿಸುಗುಟ್ಟಿದರೂ ಗೋಡೆ ತಿರುಗಿ ಮಾತಾಡುತ್ತದೆ ಎಂದು ಸಾಲಿಯಲ್ಲಿ ಓದಿದ್ದೆ. ಹೋಗಿ ನೋಡಿದರೆ ಮೇಲೆ ನಿಂತವರೆಲ್ಲ ಕೂಗುವುದು, ಸೀಟಿ ಹೊಡೆಯುವುದು, ಕಿವಿ ಹರಿದುಹೋಗುವ ಗದ್ದಲ. ಬೇಸರವಾಯಿತು. ಆದರೆ ನಾನು ಹಟದವಳು, ಮರುದಿನ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ ಎಲ್ಲರಿಗಿಂತ ಮೊದಲು ಮೆಟ್ಟಿಲು ಹತ್ತಿದೆ. ಗೋಡೆಗೆ ಬಾಯಿ ಹಚ್ಚಿ ‘ನಾ ಬಂದೇನಿ’ ಎಂದೆ. ಅದು ಮತ್ತೆ ಮತ್ತೆ, ಸಣ್ಣಗಾಗುತ್ತ, ನನ್ನದೇ ದನಿಯಲ್ಲಿ ಬಂದೇನಿ ಬಂದೇನಿ ಎಂದಿತು. ನನ್ನ ಮಾತನ್ನು ಯಾರಾದರೂ ಅಷ್ಟು ಮನಸ್ಸಿಟ್ಟು ಕೇಳಿದ್ದು ಅದೇ ಮೊದಲು. ಅಷ್ಟರಲ್ಲಿ ಒಂದು ಸಾಲಿಯ ಹುಡುಗರು ಹತ್ತಿ ಬಂದರು, ಮುಗಿಯಿತು.

ಹಂಪಿಯ ಕಲ್ಲಿನ ರಥದ ಮುಂದೆ ಫೋಟೋಕ್ಕೆ ನಿಂತ ಜನ ನೋಡಿ ನಾನು ಆ ಕಡೆ ಹೋಗಲೇ ಇಲ್ಲ. ಹಿಂದಿನ ಬಂಡೆಯ ಮೇಲೆ ಬುತ್ತಿ ಬಿಚ್ಚಿ ಕೂತೆ. ಒಂದು ಮಂಗ ಬಂದು ರೊಟ್ಟಿ ಬಿಟ್ಟು ಕೆಂಪು ಖಾರದ ಗಂಟನ್ನೇ ಕಸಿದುಕೊಂಡು ಹೋಗಿ ನೆಕ್ಕಿ, ಬಾಯಿ ತೆರೆದುಕೊಂಡು ನನ್ನನ್ನೇ ದುರುಗುಟ್ಟಿ ನೋಡಿತು. ನಾನೇನು ಕರೆದಿದ್ದೆನೇ? ಜೋಗಕ್ಕೆ ಬೇಸಿಗೆಯಲ್ಲಿ ಹೋಗಿ ಬರೀ ಬಂಡೆ ನೋಡಿಕೊಂಡು ಬಂದೆ. ಅದನ್ನೂ ಮುಚ್ಚಿಡಲಿಲ್ಲ, ಬಂದು ಎಲ್ಲರಿಗೂ ಹೇಳಿದೆ.

ಆಮೇಲೆ ರೈಲು ಹಿಡಿದೆ. ರೈಲಿಗೆಂದೇ ಹೆಗಲಿಗೆ ಹಾಕುವ ಚೀಲವೊಂದನ್ನು ನಾನೇ ಹೊಲಿದೆ. ಪೇಟೆಯಲ್ಲಿ ಮೆಣಸಿನಕಾಯಿ ರಾಶಿಗೆ ಹೊದಿಸುವ ತಾಡಪತ್ರಿ ಹಳೆಯದಾದರೆ ಬಿಸಾಕುತ್ತಾರೆ. ಅಂಥದ್ದೊಂದನ್ನು ತೊಳೆದು, ಒಣಗಿಸಿ, ಎರಡೆರಡು ಹೊಲಿಗೆ ಹಾಕಿ ಮಾಡಿದ ಚೀಲ. ಎಷ್ಟು ತೊಳೆದರೂ ಖಾರದ ಘಾಟು ಮಾತ್ರ ಹೋಗಲಿಲ್ಲ. ಜನರಲ್ ಬೋಗಿಯಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರೆ ಅಕ್ಕಪಕ್ಕದವರು ಸೀನಿ ಸೀನಿ ತಾವೇ ಸರಿದು ಜಾಗ ಬಿಡುತ್ತಿದ್ದರು. ಅವರಿಗೆ ಶೀತವಾಗಿದೆ ಎಂದು ನಾನೂ ಮರುಗಿದಂತೆ ಮಾಡುತ್ತಿದ್ದೆ. ಚೀಲದೊಳಗೆ ಎರಡು ಸೀರೆ, ಒಂದು ಹೊದಿಕೆ, ಮತ್ತು ವೈನಿ ಬಡಿದು ಒಣಗಿಸಿದ ಜೋಳದ ಖಡಕ್ ರೊಟ್ಟಿಯ ಗಂಟು. ತಿಂಗಳಾದರೂ ಕೆಡದ ರೊಟ್ಟಿ. ಶೇಂಗಾ ಚಟ್ನಿ ಜೊತೆಗಿದ್ದರೆ ಯಾವ ಊರಿನ ಹೋಟೆಲಿಗೂ ನಾನು ಸಲಾಮು ಹೊಡೆಯಬೇಕಾಗಿಲ್ಲ. ಮಲಗುವುದಕ್ಕೆ ಧರ್ಮಶಾಲೆ ಇದ್ದೇ ಇರುತ್ತದೆ.

ಆಗ್ರಾದಲ್ಲಿ ಆ ರೊಟ್ಟಿಯಿಂದಲೇ ತಕರಾರು. ಬಾಗಿಲಲ್ಲಿ ತಪಾಸಣೆ ಮಾಡುವ ಹೆಂಗಸು ಗಂಟು ಬಿಚ್ಚಿ, ಒಂದು ರೊಟ್ಟಿಯನ್ನು ಬೆರಳಿಂದ ಟಕಟಕ ಬಡಿದು, ಹಪ್ಪಳವೇ ಎಂದು ಹಿಂದಿಯಲ್ಲಿ ಕೇಳಿದಳು. ನಾನು ಹರಕು ಹಿಂದಿಯಲ್ಲಿ ರೊಟ್ಟಿ ಎಂದೆ. ತಿನ್ನುವ ಪದಾರ್ಥ ಒಳಗೆ ಬಿಡುವುದಿಲ್ಲ, ಅಲ್ಲಿ ಡಬ್ಬಿಯಿದೆ, ಹಾಕಿ ಬಾ ಎಂದು ಕೈ ಮಾಡಿದಳು. ಕಸದ ಡಬ್ಬಿ! ಕುಪ್ಪೇಲೂರಿನ ಜೋಳ, ವೈನಿಯ ಕೈಯ ರೊಟ್ಟಿ, ಅದನ್ನು ನಾನು ಕಸಕ್ಕೆ ಹಾಕಬೇಕಂತೆ. ಅವಳ ಕೆಲಸ ಅವಳು ಮಾಡುತ್ತಿದ್ದಳು, ಅದು ನನಗೂ ಗೊತ್ತು. ಹಾಗಂತ ಹಾಕಲಿಕ್ಕಾಗುತ್ತದೆಯೇ? ಸಾಲು ಬಿಟ್ಟು ಹೊರಗೆ ಬಂದು, ಗೋಡೆಯ ನೆರಳಲ್ಲಿ ಕಾಲು ಚಾಚಿ ಕೂತು, ಹೊಟ್ಟೆ ತುಂಬ ತಿಂದೆ. ತಾಜಮಹಲು ನಾಲ್ಕು ನೂರು ವರ್ಷ ಕಾದಿದೆಯಂತೆ, ಇನ್ನೊಂದು ತಾಸು ಕಾಯಲಿ. ಉಳಿದ ಗಂಟನ್ನು ಚೀಲದ ಸಮೇತ ಸಾಮಾನು ಇಡುವ ಕೋಣೆಯಲ್ಲಿ ಇಟ್ಟು ಮತ್ತೆ ಸಾಲು ಹಿಡಿದೆ.

ಒಳಗೆ ಹೋಗಿ ದೂರದಿಂದ ನೋಡಿದೆ. ಖರೇ ಹೇಳುತ್ತೇನೆ, ಮನಸ್ಸು ಅಲುಗಲಿಲ್ಲ. ಕ್ಯಾಲೆಂಡರಿನಲ್ಲಿ ಇದ್ದ ಹಾಗೇ ಇತ್ತು, ಸ್ವಲ್ಪ ಹಳದಿ ಅಷ್ಟೆ. ಎಲ್ಲರೂ ಗುಮ್ಮಟದ ತುದಿಯನ್ನು ಬೆರಳಲ್ಲಿ ಹಿಡಿದಂತೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಒಳಗೆ ಗೋರಿಯ ಹತ್ತಿರ ಸೀಟಿ ಊದಿ ಊದಿ ಮುಂದೆ ದೂಡುತ್ತಿದ್ದರು. ಪ್ರೀತಿಗಾಗಿ ಕಟ್ಟಿದ್ದಂತೆ. ನಮ್ಮ ಸಂತೆಯಲ್ಲಿ ಎಮ್ಮೆ ಹೊಡೆದುಕೊಂಡು ಹೋಗುವವರು ಕೂಡ ಇದಕ್ಕಿಂತ ಸಮಾಧಾನದಿಂದ ಹೊಡೆಯುತ್ತಾರೆ.

ಹೊರಗೆ ಬಂದು ಸುಸ್ತಾಗಿ ಗೋಡೆಗೆ ಆತು ನಿಂತಾಗ ಮೂಗಿನ ಮುಂದೆಯೇ ಒಂದು ಹೂವು ಕಂಡಿತು. ಬಿಳಿ ಕಲ್ಲಿನೊಳಗೆ ಬಣ್ಣದ ಕಲ್ಲು ಕೂಡಿಸಿ ಮಾಡಿದ ಹೂವು. ದಂಟು ದಾರದಷ್ಟು ಸಣ್ಣ. ನಾನು ಹಳೆ ಬಟ್ಟೆಯ ಕೌದಿಯನ್ನೂ ಹೊಲಿಯುವವಳು, ತುಂಡಿಗೆ ತುಂಡು ಕೂಡಿಸುವುದು ಏನು ಎಂದು ನನಗೆ ಗೊತ್ತು. ಎಷ್ಟೇ ಜಾಣರಿರಲಿ, ಎಲ್ಲೋ ಒಂದು ಕಡೆ ಕೂಡಿಸಿದ್ದು ಗೊತ್ತಾಗಲೇಬೇಕು. ಉಗುರಿನಿಂದ ಮೆಲ್ಲಗೆ ಸವರಿದೆ. ಉಗುರು ಎಲ್ಲಿಯೂ ಸಿಕ್ಕಲಿಲ್ಲ. ಕಣ್ಣಲ್ಲಿ ಬಳಬಳ ನೀರು ಬಂತು. ಅಷ್ಟರಲ್ಲಿ ಮುಟ್ಟಬೇಡ ಎಂದು ನನಗೂ ಒಂದು ಸೀಟಿ ಊದಿದರು.

ಊರಿಗೆ ಬಂದು ಇದನ್ನೇ ಹೇಳಿದೆ. ದೂರದಿಂದ ಏನೂ ಇಲ್ಲ, ಹತ್ತಿರದಿಂದ ಒಂದು ಹೂವಿನ ಮುಂದೆ ಅತ್ತುಬಿಟ್ಟೆ ಎಂದೆ. ನಕ್ಕರು. ಪೇಟೆಯಲ್ಲಿ ಅಣ್ಣನ ಜೊತೆಯವರು, ನಿನ್ನ ತಂಗಿ ದೇಶವೆಲ್ಲ ತಿರುಗಿ ಕೊಂಕು ತೆಗೆದುಕೊಂಡು ಬರುತ್ತಾಳಲ್ಲೋ ಎಂದು ಛೇಡಿಸಿದರಂತೆ. ಮುಂದಿನ ತಿರುಗಾಟ ಎಲ್ಲಿಗೆ, ಯಾರ ಜೊತೆಗೆ ಎಂದೂ ಕೇಳಿದರಂತೆ. ಅಣ್ಣ ಅದನ್ನು ನನಗೆ ಹೇಳಲಿಲ್ಲ, ವೈನಿ ಹೇಳಿದಳು. ಅವನು ಆ ದಿನ ಊಟ ಅರ್ಧಕ್ಕೇ ಬಿಟ್ಟು ಎದ್ದಿದ್ದ. ನನಗೆ ಕೆಡುಕೆನಿಸಿತು, ಆದರೆ ಬುದ್ಧಿ ಬರಲಿಲ್ಲ. ಮರುವಾರವೇ, ಕಾಶಿಗೆ ಹೋಗ್ಲೇನು ಎಂದು ಕೇಳಿದೆ.

ಕಾಶಿಗೆ ಹೋಗುವವರನ್ನು ನಮ್ಮಲ್ಲಿ ಯಾರೂ ತಡೆಯುವುದಿಲ್ಲ. ಅವ್ವ ಸಾಯುವ ತನಕ ಕಾಶಿ ಕಾಶಿ ಎನ್ನುತ್ತಿದ್ದಳು, ಅದು ಅಣ್ಣನಿಗೂ ನೆನಪಿತ್ತು. ಅವನು ಎಂದಿನ ಹಾಗೆ ಸ್ವಲ್ಪ ಹೊತ್ತು ಸುಮ್ಮನೆ ಕೂತ. ಆ ಸಲ ಹೂಂ ಎನ್ನಲಿಲ್ಲ.

‘ಕಾಶಿಗೆ ಬ್ಯಾಡ ಅನ್ನಾಕ ನಾ ಯಾರು, ಹೋಗು. ಆದ್ರ ಅಲ್ಲಿ ಏನರ ಒಂದು ಬಿಟ್ಟು ಬರಬೇಕಲ್ಲ, ಈ ತಿರಗೂದನ್ನ ಬಿಟ್ಟು ಬಾ.’

ಕಾಶಿಗೆ ಹೋದವರು ಗಂಗೆಯಲ್ಲಿ ಮುಳುಗಿ ತಮಗೆ ಪ್ರೀತಿಯದು ಒಂದನ್ನು ಬಿಡುತ್ತೇನೆ ಎಂದು ನೀರು ಬಿಟ್ಟು ಬರಬೇಕು. ಹಣ್ಣೋ, ಕಾಯಿಪಲ್ಲೆಯೋ, ಏನಾದರೂ. ಬಿಟ್ಟ ಮೇಲೆ ಜೀವ ಇರುವ ತನಕ ಅದನ್ನು ಮುಟ್ಟುವ ಹಾಗಿಲ್ಲ. ನಮ್ಮ ಕಡೆ ಆಣೆ ಮುರಿದವರನ್ನಾದರೂ ಕ್ಷಮಿಸುತ್ತಾರೆ, ಕಾಶಿಯಲ್ಲಿ ಬಿಟ್ಟದ್ದನ್ನು ತಿರುಗಿ ಹಿಡಿದವರನ್ನು ಕ್ಷಮಿಸುವುದಿಲ್ಲ. ಅಣ್ಣ ಇದನ್ನೆಲ್ಲ ಲೆಕ್ಕ ಹಾಕಿಯೇ ಮಾತಾಡಿದ್ದ. ನಾನು ನೋಡೂಣು ಎಂದೆ. ಅವನು ಅದನ್ನೇ ಒಪ್ಪಿಗೆ ಎಂದುಕೊಂಡು ಪೇಟೆಯ ತುಂಬ ಹೇಳಿದ, ಇದೇ ಕಡೆಯದು, ಇನ್ನು ಮನೆಯಲ್ಲೇ ಇರುತ್ತಾಳೆ ಎಂದು. ಪಕ್ಕದ ಮನೆಯ ಆಯಿ ನನ್ನ ಕೋಣೆಗೆ ಬಂದು ಮಷಿನ್ ಪಕ್ಕ ಕೂತು, ‘ಖರೇನ ಬಿಡ್ತೀಯೇನ ಮಗಳ?’ ಎಂದು ಸಣ್ಣ ದನಿಯಲ್ಲಿ ಕೇಳಿದಳು. ನಾನು ಸೂಜಿಗೆ ದಾರ ಪೋಣಿಸಿದೆ.

ಕಾಶಿಗೆ ಮುಟ್ಟುವ ತನಕ ಕಿಟಕಿಯಲ್ಲಿ ಏನು ಕಂಡರೂ ಇದೇ ಕಡೆಯದು ಎನಿಸುತ್ತಿತ್ತು. ನರ್ಮದೆಯ ಸೇತುವೆ ಬಂದಾಗ ಎಲ್ಲರೂ ಚಿಲ್ಲರೆ ಎಸೆದು ಕೈ ಮುಗಿದರು. ನಾನು ಕೈ ಮುಗಿಯುವುದನ್ನು ಮರೆತು ನೋಡುತ್ತಲೇ ಇದ್ದೆ.

ಕಾಶಿಯ ವಿಷಯದಲ್ಲಿಯೂ ಸುಳ್ಳು ಹೇಳುವುದಿಲ್ಲ. ಗಲ್ಲಿಯಲ್ಲಿ ಸಗಣಿ ತುಳಿಯದೆ ನಡೆಯುವುದೇ ಒಂದು ವಿದ್ಯೆ. ಸಂಜೆಯ ಗಂಗಾರತಿ ನೋಡಲು ಹೋಗಿ ಮುಂದಿದ್ದವರ ಎತ್ತಿದ ಮೊಬೈಲುಗಳನ್ನು ನೋಡಿಕೊಂಡು ಬಂದೆ. ಮೈಕಿನ ಅಬ್ಬರಕ್ಕೆ ದೇವರೂ ಕಿವಿ ಮುಚ್ಚಿಕೊಂಡಿರಬೇಕು. ದೋಣಿಯಲ್ಲಿ ಕೂತವರು ನೀರಲ್ಲಿ ಮುಳುಗೇಳುವ ಮುದುಕಿಯರ ಫೋಟೋ ತೆಗೆಯುತ್ತಿದ್ದುದನ್ನು ಕಂಡು ಮೈ ಉರಿಯಿತು. ನಮ್ಮ ಊರಿಗೂ ಹಾಗೆ ಬರುತ್ತಾರೆ. ಕೆಂಪು ರಾಶಿಯ ನಡುವೆ ತೊಟ್ಟು ಬಿಡಿಸುತ್ತ ಕೂತ ನಮ್ಮ ಹೆಂಗಸರಿಗೆ ನಗು ಎಂದು ಹೇಳಿ ಕ್ಯಾಮೆರಾ ಹಿಡಿಯುತ್ತಾರೆ. ಕೈ ಉರಿಯುತ್ತಿರುವಾಗ ಎಲ್ಲಿಯ ನಗು? ಒಂದು ಹಂಗಾಮಿನಲ್ಲಿ ನಾನೂ ಹಾಗೆ ಕೂತು ಫೋಟೋಕ್ಕೆ ಸಿಕ್ಕವಳೇ. ಅದಕ್ಕೇ ನದಿಯ ಮೆಟ್ಟಿಲ ಮೇಲೆ ನನ್ನ ಮೊಬೈಲು ಚೀಲದಿಂದ ಹೊರಗೆ ಬರಲಿಲ್ಲ.

ಆದರೆ ಬೆಳಗಿನ ನದಿ! ಅದರ ಬಗ್ಗೆ ಯಾರಾದರೂ ಕಡಿಮೆ ಮಾತಾಡಿದರೆ ನಾನೇ ಜಗಳಕ್ಕೆ ನಿಲ್ಲುತ್ತೇನೆ. ಆಚೆ ದಂಡೆಯಲ್ಲಿ ಮನೆಯಿಲ್ಲ ಮಠವಿಲ್ಲ, ಬರೀ ಮರಳು. ಅಲ್ಲಿಂದ ಸೂರ್ಯ ಎದ್ದ. ನೀರು ಯಾರ ಹಂಗೂ ಇಲ್ಲದೆ ಹೋಗುತ್ತಿತ್ತು. ಅವ್ವ ಇದನ್ನು ನೋಡದೆ ಹೋದಳಲ್ಲ ಎಂದುಕೊಂಡೆ. ಅವಳು ಕೂಡ ಕೇಳಿದ್ದಳು, ಎಷ್ಟೋ ಸಲ ಕೇಳಿದ್ದಳು. ಅಪ್ಪ ಪ್ರತಿ ಸಲವೂ ಮುಂದಿನ ವರ್ಷ ನೋಡೋಣ ಎಂದಿದ್ದ.

ಸೊಂಟದ ತನಕ ನೀರಲ್ಲಿ ನಿಂತೆ. ಮೆಟ್ಟಿಲ ಮೇಲೆ ಕೂತಿದ್ದ ಪೂಜಾರಿಗೆ ನಮ್ಮ ಕಡೆಯ ಯಾತ್ರೆಯವರನ್ನು ಕಂಡು ಕಂಡು ಒಂದಿಷ್ಟು ಕನ್ನಡ ಬರುತ್ತಿತ್ತು. ನನ್ನ ಪಕ್ಕದಲ್ಲಿ ಧಾರವಾಡದ ಕಡೆಯ ಇಬ್ಬರು ಹೆಂಗಸರು ಒಬ್ಬರಾದ ಮೇಲೆ ಒಬ್ಬರು ಹಾಗಲಕಾಯಿ ಬಿಟ್ಟರು. ಮೊದಲೂ ತಿನ್ನುತ್ತಿರಲಿಲ್ಲ ಎಂದು ಅವರ ಮುಖವೇ ಹೇಳುತ್ತಿತ್ತು. ನನ್ನ ಸರದಿ ಬಂತು. ನಾನು ಬ್ಯಾಡಗಿಯವಳು ಎಂದು ತಿಳಿದು, ಮೆಣಸಿನಕಾಯಿ ಬಿಡು ತಾಯಿ ಎಂದು ಪೂಜಾರಿ ನಕ್ಕ. ನನಗೆ ನಗು ಬರಲಿಲ್ಲ.

ದೇವರ ಮೇಲೆ ನನಗೆ ಒಂದಿಷ್ಟು ಸಿಟ್ಟಿದೆ, ಆದರೂ ಹರಿಯುವ ನೀರಲ್ಲಿ ನಿಂತು ಸುಳ್ಳು ಹೇಳುವಷ್ಟು ಧೈರ್ಯವಿಲ್ಲ. ತಿರುಗುವುದನ್ನು ಬಿಟ್ಟೆ ಎಂದು ಒಂದು ಮಾತು ಅಂದರೆ ಅಣ್ಣನ ಮಾನ ಉಳಿಯುತ್ತದೆ, ಪೇಟೆಯವರ ಬಾಯಿ ಮುಚ್ಚುತ್ತದೆ, ನಾನು ಸಾಯುವ ತನಕ ಆ ಕೋಣೆಯಲ್ಲಿ ಮಷಿನ್ ತುಳಿಯುತ್ತೇನೆ. ಹಾಗಲಕಾಯಿ ಎಂದರೆ ಊರಲ್ಲಿ ಮತ್ತೆ ಅಣ್ಣನ ಮುಂದೆ ನಿಂತು, ಹೋಗ್ಲೇನು ಎಂದು ಕೇಳಿ, ಅವನು ಸುಮ್ಮನೆ ಕೂತ ಆ ಸ್ವಲ್ಪ ಹೊತ್ತನ್ನು ಎಣಿಸಬೇಕು. ಆಗ ಹೊಳೆಯಿತು. ಬಿಡಬೇಕಾದದ್ದು ಅದೇ. ಕೇಳುವುದನ್ನು.

ಪ್ರೀತಿಯದು ಬಿಡಬೇಕು ಎನ್ನುವುದು ನಿಯಮ. ಕೇಳುವುದು ನನಗೆ ಪ್ರೀತಿಯೇ? ನಿಂತು ವಿಚಾರ ಮಾಡಿದೆ. ಹೌದು, ಪ್ರೀತಿಯೇ ಆಗಿತ್ತು. ಕೇಳಿ ಹೋದವರಿಗೆ ಒಂದು ಸುಖವಿದೆ. ದಾರಿಯಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ ಹೂಂ ಎಂದವರ ತಲೆಯ ಮೇಲೆ ಹಾಕಬಹುದು. ಆ ನೆರಳಲ್ಲಿ ನಾನು ಇಷ್ಟು ವರ್ಷ ಕೂತಿದ್ದೆ. ಅದನ್ನು ಬಿಡುತ್ತೇನೆಂದರೆ ಇನ್ನು ಬಿದ್ದರೂ ನಾನೇ, ಎದ್ದರೂ ನಾನೇ. ಹೆದರಿಕೆಯಾಯಿತು, ನೀರಿನ ಚಳಿಯೂ ಸೇರಿ ಹಲ್ಲು ಕಟಕಟ ಎನ್ನತೊಡಗಿದವು. ಲಗೂ ಹೇಳು ತಾಯಿ ಎಂದು ಪೂಜಾರಿ ಅವಸರ ಮಾಡಿದ. ಬೊಗಸೆಯಲ್ಲಿ ನೀರು ಎತ್ತಿ, ಅವನಿಗೆ ಕೇಳದಷ್ಟು ಮೆಲ್ಲಗೆ, ಗಂಗೆಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿ ಬಿಟ್ಟೆ.

ಕಾಶಿಯಿಂದ ಬಂದವರ ಮನೆಯಲ್ಲಿ ಗಂಗೆಯ ತಂಬಿಗೆಗೆ ಪೂಜೆ ಮಾಡಿ ಓಣಿಯವರಿಗೆ ಊಟ ಹಾಕುವುದು ಪದ್ಧತಿ. ಅಣ್ಣ ಜೋರಾಗಿಯೇ ಮಾಡಿದ. ಹೋಳಿಗೆ, ಕಟ್ಟಿನ ಸಾರು, ಪೇಟೆಯ ಅವನ ಜೊತೆಯವರೆಲ್ಲ ಬಂದಿದ್ದರು. ಹಾವೇರಿಗೆ ತಾನೇ ಹೋಗಿ ಏಲಕ್ಕಿ ಹಾರ ತಂದಿದ್ದ. ನಮ್ಮ ಕಡೆ ದೊಡ್ಡವರು ಬಂದರೆ, ದೊಡ್ಡ ಕೆಲಸ ಮುಗಿಸಿದವರಿದ್ದರೆ ಹಾಕುವ ಹಾರ ಅದು. ಅದನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ನಿಂತು, ಎಲ್ಲರಿಗೂ ಕೇಳುವ ಹಾಗೆ, ಕಾಶ್ಯಾಗ ಏನು ಬಿಟ್ಟು ಬಂದಿ ಹೇಳು ಎಂದ. ಅವನ ಮುಖದಲ್ಲಿ ಖುಷಿ ಇತ್ತು. ಹಾಗಲಕಾಯಿ ಎಂಬ ಮಾತು ಬಾಯಿಯ ತನಕ ಬಂದಿತ್ತು ಎಂದರೆ ಸುಳ್ಳಲ್ಲ.

‘ಹೋಗ್ಲೇನು ಅಂತ ಕೇಳೂದನ್ನ ಬಿಟ್ಟು ಬಂದೇನಿ.’

ಬಡಿಸುತ್ತಿದ್ದ ವೈನಿಯ ಕೈ ನಿಂತಿತು. ಪೇಟೆಯವರಲ್ಲಿ ಒಬ್ಬ ಕೆಮ್ಮಿದ. ಅಣ್ಣ ಹಾರ ಹಿಡಿದುಕೊಂಡೇ ನಿಂತಿದ್ದ. ಅದೇ ಸ್ವಲ್ಪ ಹೊತ್ತು, ಆದರೆ ಆ ದಿನ ನಾನು ಲಂಗದ ಹುಡುಗಿಯಾಗಲಿಲ್ಲ, ಅವನ ಕಣ್ಣನ್ನೇ ನೋಡುತ್ತ ನಿಂತೆ. ಮೂಲೆಯಲ್ಲಿ ಕೂತ ಆಯಿಯೇ ಮೊದಲು ಬಾಯಿ ತೆರೆದಳು. ತಾನು ಗಂಡನ ಜೊತೆ ಹೋದಾಗ ಸೀತಾಫಲ ಬಿಟ್ಟು ಬಂದದ್ದನ್ನು, ಇಷ್ಟು ವರ್ಷ ಅದರ ವಾಸನೆ ಮಾತ್ರ ಕುಡಿದದ್ದನ್ನು ಹೇಳಿ, ಇಂಥದ್ದನ್ನೂ ಬಿಡಬಹುದು ಅಂತ ಯಾರೂ ನನಗೆ ಹೇಳಲಿಲ್ಲವಲ್ಲ ಎಂದು ಹಣೆ ಬಡಿದುಕೊಂಡಳು. ಹೆಂಗಸರು ನಕ್ಕರು. ಗಂಡಸರು ತಲೆ ಬಗ್ಗಿಸಿ ಹೋಳಿಗೆ ಮುರಿದರು. ಅಣ್ಣ ಹಾರವನ್ನು ನನ್ನ ಕೊರಳಿಗೆ ಹಾಕಲಿಲ್ಲ. ಒಳಗೆ ಹೋಗಿ ಮಷಿನ್ ಮೇಲೆ ಇಟ್ಟು ಬಂದ.

ಆಮೇಲೆ ಅವನು ನನ್ನ ಜೊತೆ ಮಾತು ಬಿಟ್ಟ. ಒಂದೇ ಮನೆಯಲ್ಲಿ ಇದ್ದುಕೊಂಡು, ಒಂದೇ ಸಾರು ಉಂಡುಕೊಂಡು ಮಾತಿಲ್ಲದೆ ಇರುವುದು ಸಣ್ಣ ಶಿಕ್ಷೆಯಲ್ಲ. ರಾತ್ರಿ ಅಳು ಬಂದದ್ದೂ ಉಂಟು. ಆದರೆ ತಪ್ಪಾಯಿತು ಎನ್ನಲಿಲ್ಲ, ತಪ್ಪೇ ಆಗಿರಲಿಲ್ಲ. ಪೇಟೆಯ ಹಂಗಾಮು ಮುಗಿದು, ಯುಗಾದಿಯ ಹೊಲಿಗೆಯೂ ಮುಗಿದ ಮೇಲೆ ಕನ್ಯಾಕುಮಾರಿಗೆ ಹೊರಟೆ. ಮೂರು ಸಮುದ್ರ ಕೂಡುತ್ತವೆ, ನೀರಿನ ಬಣ್ಣ ಬೇರೆ ಬೇರೆ ಎನ್ನುತ್ತಾರೆ. ಹೌದೋ ಅಲ್ಲವೋ ನಾನೇ ನೋಡಬೇಕಿತ್ತು. ನಾನು ಬಾಯಿ ಬಿಟ್ಟು ಹೇಳಿರಲಿಲ್ಲ, ಆದರೂ ಹಿಂದಿನ ದಿನವೇ ವೈನಿ ಒಲೆಯ ಮುಂದೆ ಕೂತು ರೊಟ್ಟಿ ಒಣಗಿಸಿಟ್ಟಿದ್ದಳು. ಏಲಕ್ಕಿ ಹಾರವನ್ನು ಚೀಲದೊಳಗೆ ಹಾಕಿಕೊಂಡೆ, ಖಾರದ ಘಾಟಿಗೆ ಅದೂ ಒಂದು ಜೊತೆಯಿರಲಿ ಎಂದು.

ಅಣ್ಣ ಕಟ್ಟೆಯ ಮೇಲೆ ಕೂತು ಪೇಪರು ಓದುತ್ತಿದ್ದ. ಚೀಲ ಹೆಗಲಿಗೇರಿಸಿ ಅವನ ಮುಂದೆ ನಿಂತು, ಕನ್ಯಾಕುಮಾರಿಗೆ ಹೋಗಿ ಬರ್ತೇನಿ ಎಂದೆ. ಪೇಪರಿನಿಂದ ಕಣ್ಣು ಎತ್ತದೆ, ಇಷ್ಟು ದಿನದ ಮೇಲೆ ಮೊದಲ ಸಲ, ‘ಹೂಂ, ಹೋಗು’ ಎಂದ.

‘ನಾ ಕೇಳಿಲ್ಲೋ ಅಣ್ಣ. ಹೇಳಾಕತ್ತೇನಿ.’

ಪೇಪರು ಕೆಳಗೆ ಬಂತು. ನನ್ನನ್ನು ನೋಡಿದ, ಚೀಲವನ್ನು ನೋಡಿದ. ಸಿಟ್ಟು ಬರುತ್ತದೆ ಎಂದುಕೊಂಡೆ. ಘಾಟಿಗೆ ಒಂದು ಸೀನು ಬಂತು ಅವನಿಗೆ. ಮೂಗು ಒರೆಸಿಕೊಂಡು, ಯಾವಾಗ ಬರ್ತಿ ಎಂದು ಕೇಳಿದ.

ನೋಡೂದು ಮುಗಿದ ಮ್ಯಾಲೆ ಎಂದು ಹೇಳಿ, ಬಸ್‌ಸ್ಟ್ಯಾಂಡಿನ ಕಡೆ ನಡೆದೆ.